ಇಪ್ಪತ್ತೇಳನೇ ಕಾರಿನ ಹೊರೆಗಾರ

ಲಾರಿಗಳನ್ನು ಇನ್ನೂ ಮನುಷ್ಯರೇ ಓಡಿಸುತ್ತಿದ್ದ ಕಾಲದಲ್ಲಿ, ಹಿರಿಯೂರಿನಿಂದಾಚೆ ಹೆದ್ದಾರಿ ಪಕ್ಕದ ಒಂದು ಚಹಾದಂಗಡಿ ಮುಂದೆ, ಓಬಳೇಶಪ್ಪ ತನ್ನ ಎಂಟು ವರ್ಷದ ಮಗಳಿಗೆ ಒಂದು ಮಾತು ಕೊಟ್ಟಿದ್ದ.

ಆಗ ಬೇಸಿಗೆ ರಜೆ. ಗಂಗೋತ್ರಿ ಕ್ಲೀನರ್ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅಪ್ಪನ ರೆಪ್ಪೆ ಭಾರವಾದಾಗಲೆಲ್ಲ ಒಂದೊಂದು ಒಗಟು ಎಸೆಯುತ್ತಾ ಹುಬ್ಬಳ್ಳಿಯಿಂದ ಅಲ್ಲಿತನಕ ಬಂದಿದ್ದಳು. ಬನ್ನನ್ನು ಚಹಾದಲ್ಲಿ ಅದ್ದುತ್ತಾ ಕೇಳಿದಳು:

"ಅಪ್ಪ, ನಾನು ದೊಡ್ಡೋಳಾಗಿ ಗಾಡಿ ಓಡಿಸ್ತೀನಲ್ಲ, ಆಗ ನಂಗೆ ನಿದ್ದೆ ಬಂದ್ರೆ ಯಾರು ಮಾತಾಡಿಸ್ತಾರೆ?"

"ನಾನು."

"ನೀನು ಆಗ ಮುದುಕ ಆಗಿರ್ತೀಯ. ನೀನೇ ತೂಕಡಿಸ್ತಿರ್ತೀಯ."

"ಇಲ್ಲ ಕಣವ್ವ. ನೀನು ಓಡಿಸೋವಾಗ ನಾನು ನಿದ್ದೆ ಮಾಡಲ್ಲ."

"ಮಾತು ಕೊಡು."

ಓಬಳೇಶಪ್ಪ ಗ್ರೀಸು ಮೆತ್ತಿದ ಅಂಗೈಯನ್ನು ಅವಳ ಪುಟ್ಟ ಅಂಗೈ ಮೇಲೆ ತಟ್ಟಿದ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಉಳಿದ ಬನ್ನು ತಿಂದಳು.

ಅದೇ ರಜೆಯಲ್ಲಿ ಅಪ್ಪ ಮಗಳ ನಡುವೆ ಇನ್ನೊಂದು ರೂಢಿಯೂ ಬಿತ್ತು. ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ಸಿಕ್ಕಿದರೆ ಗಂಟೆಗಟ್ಟಲೆ ಕಾಯಬೇಕು. ಬೇರೆ ಯಾರು ಹೇಳಿದರೂ ಸ್ಟೀರಿಂಗ್ ಮುಂದೆ ಕಣ್ಣು ಮುಚ್ಚದ ಓಬಳೇಶಪ್ಪ, ಅಲ್ಲಿ ಮಗಳು "ಮಲ್ಕೋ ಅಪ್ಪ, ಸಾಲು ಮುಂದೆ ಹೋದಾಗ ನಾನು ಎಬ್ಬಿಸ್ತೀನಿ" ಅಂದರೆ ತಲೆ ವಾಲಿಸಿಬಿಡುತ್ತಿದ್ದ. ಅವಳು ಮುಂದಿನ ಗಾಡಿಗಳನ್ನು ಎಣಿಸುತ್ತಾ, ಯಾವುದರಲ್ಲಿ ಏನು ಲೋಡು ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಕೂರುತ್ತಿದ್ದಳು. ಒಂದು ಸಲವೂ ಎಬ್ಬಿಸುವುದು ಮರೆಯಲಿಲ್ಲ.

*

ಇಪ್ಪತ್ತಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಲಾರಿಗಳು ತಾವೇ ಓಡುವುದನ್ನು ಕಲಿತವು. ಓಬಳೇಶಪ್ಪ ಊರಿಗೆ ಮರಳಿ, ಪಾವಗಡದ ಸೌರಫಲಕಗಳ ಬಯಲಿನಲ್ಲಿ ಹೆಂಡತಿ ಈರಮ್ಮನ ಜೊತೆ ಫಲಕ ಒರೆಸುವ ಕೆಲಸಕ್ಕೆ ಸೇರಿದ. ಮಗಳು ಮಾತ್ರ ಸ್ಟೀರಿಂಗ್ ಬಿಡಲಿಲ್ಲ. ಮನುಷ್ಯರು ಗಾಡಿ ಓಡಿಸುವುದು ಉಳಿದದ್ದು ರೇಸಿನಲ್ಲಿ ಮಾತ್ರ. ಅವಳು ಅಲ್ಲಿಗೇ ಹೋದಳು.

ಅದೇ ಬಯಲಿನ ಸುತ್ತ ಈಗ ಐದು ಕಿಲೋಮೀಟರಿನ ಟ್ರ್ಯಾಕ್ ಇತ್ತು. ವರ್ಷಕ್ಕೊಮ್ಮೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ವಿದ್ಯುತ್ ಕಾರುಗಳ ಹನ್ನೆರಡು ಗಂಟೆಯ ರೇಸು. ಹಿಂದೆ ಇಂಥ ರೇಸುಗಳಲ್ಲಿ ಒಂದು ಕಾರಿಗೆ ಮೂವರು ಚಾಲಕರು, ಸರದಿ ಮೇಲೆ ಕೂರುತ್ತಿದ್ದರು. ಈಗ ಒಬ್ಬರೇ. ಅದಕ್ಕೆ ಕಾರಣ ಸಿಂಬೆ.

ಪುಸ್ತಕದಲ್ಲಿ ಅದರ ಹೆಸರು ಆಯಾಸವಾಹಿನಿ. ತಲೆಗೆ ಸುತ್ತುವ ಬೆರಳುದಪ್ಪದ ಪಟ್ಟಿ. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಡುವ ಬಟ್ಟೆಯ ಸುರುಳಿಯ ಹಾಗೆ ಕಾಣುತ್ತಿದ್ದರಿಂದ ಜನ ಅದನ್ನು ಸಿಂಬೆ ಅಂದರು, ಅದೇ ಉಳಿಯಿತು. ದಣಿವು ಇರುವುದು ಕೈಕಾಲಿನಲ್ಲಲ್ಲ, ಮಿದುಳು ಹಾಕುವ ಲೆಕ್ಕದಲ್ಲಿ ಎಂದು ಗೊತ್ತಾದ ಮೇಲೆ ಆ ಯಂತ್ರ ಬಂತು. ಆ ಲೆಕ್ಕಕ್ಕೊಂದು ಲಯವಿದೆ. ಒಬ್ಬರ ತಲೆಯಲ್ಲಿ ಆ ಲಯವನ್ನು ಅಡಗಿಸಿ ಇನ್ನೊಬ್ಬರ ತಲೆಯಲ್ಲಿ ಎಬ್ಬಿಸಬಹುದು. ಕೆಲಸ ಮಾಡುವವರು ಒಬ್ಬರು, ದಣಿಯುವವರು ಇನ್ನೊಬ್ಬರು. ದಣಿಯುವವರಿಗೆ ಹೊರೆಗಾರರು ಎಂದು ಹೆಸರು. ದೊಡ್ಡ ಆಸ್ಪತ್ರೆಗಳಲ್ಲಿ ಸರ್ಜನ್ನರಿಗೆ ಹೊರೆಗಾರರಿದ್ದರು, ಪಟ್ಟಣದಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗೂ ಇದ್ದರು. ರೇಸಿನವರು ಬಿಡುತ್ತಾರೆಯೇ?

ರಕ್ತಸಂಬಂಧಿಗಳಾದರೆ ಎರಡು ಸಿಂಬೆಗಳ ಶ್ರುತಿ ಬೇಗ ಕೂಡುತ್ತಿತ್ತು. ಆದರೂ ಬಹುತೇಕ ಚಾಲಕರು ಹೊರಗಿನವರನ್ನು ಸಂಬಳ ಕೊಟ್ಟು ಕೂರಿಸುತ್ತಿದ್ದರು. ಸ್ವಂತ ಅಪ್ಪನನ್ನೋ ತಮ್ಮನನ್ನೋ ಯಾರು ಕೂರಿಸಿಯಾರು?

"ನಾನು ಕೂರ್ತೀನಿ" ಎಂದು ಹಠ ಹಿಡಿದದ್ದು ಓಬಳೇಶಪ್ಪನೇ. ಗಂಗೋತ್ರಿ ಒಂದು ತಿಂಗಳು ಒಪ್ಪಲಿಲ್ಲ.

"ನಾನು ಆಗಲೇ ಮಾತು ಕೊಟ್ಟಿದ್ದೀನಲ್ಲ" ಅಂದ.

"ಅದು ಬನ್ನು ತಿನ್ನೋವಾಗಿನ ಮಾತು ಅಪ್ಪ."

"ಬನ್ನಿಗೆ ದುಡ್ಡು ಕೊಟ್ಟೋನು ನಾನು. ಮಾತೂ ನಂದೇ."

ಈ ಸಲ ಸಂಬಳದ ಹೊರೆಗಾರರನ್ನು ಕೂರಿಸಲು ದುಡ್ಡು ಉಳಿಯದೆ, ಅವಳಿಗೂ ಬೇರೆ ದಾರಿ ಇರಲಿಲ್ಲ. ರೇಸಿನ ಕಾಯಂ ಪರವಾನಗಿ ಸಿಗಬೇಕಾದರೆ ಮೂರು ದೀರ್ಘ ರೇಸುಗಳನ್ನು ಮುಗಿಸಿದವರ ಪಟ್ಟಿಯಲ್ಲಿ ಹೆಸರಿರಬೇಕು. ಎರಡರಲ್ಲಿ ಇತ್ತು. ಮೂವತ್ತೆರಡು ತುಂಬಿದವರಿಗೆ ಅರ್ಜಿಯೇ ಇಲ್ಲ. ಅವಳಿಗೆ ಮುಂದಿನ ತಿಂಗಳು ತುಂಬುತ್ತಿತ್ತು. ಗೆಲ್ಲಬೇಕಾಗಿರಲಿಲ್ಲ. ಮುಗಿಸಬೇಕಿತ್ತು.

*

ಶ್ರುತಿ ಕೂಡಿಸುವ ಕೆಲಸ ಮನೆಯಲ್ಲೇ ನಡೆಯಿತು. ಸಂಜೆ ಅವಳು ಅಭ್ಯಾಸ ಮುಗಿಸಿ ಬಂದು ನಡುಮನೆಯಲ್ಲಿ ಕೂರುವಳು, ಇವನು ಎದುರಿಗೆ. ಇಬ್ಬರ ತಲೆಗೂ ಸಿಂಬೆ. ಈರಮ್ಮ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು.

ಮೊದಲ ಸಲ ಸಂಪರ್ಕ ಕೂಡಿದ ಗಳಿಗೆ ಓಬಳೇಶಪ್ಪನಿಗೆ ಈಗಲೂ ನೆನಪಿದೆ. ಅವತ್ತು ಅವನಿಗೆ ರಜೆ; ಮೈ ಹಗುರವಾಗಿತ್ತು. ಇದ್ದಕ್ಕಿದ್ದಂತೆ ಯಾರೋ ಬೆನ್ನ ಮೇಲೆ ಒದ್ದೆ ಗೋಣಿಚೀಲ ಹೇರಿದ ಹಾಗಾಯಿತು. ಕತ್ತಿನ ಹಿಂದೆ ಒಂದು ನೋವು, ಕಣ್ಣಿನ ಒಳಮೂಲೆಯಲ್ಲಿ ಮರಳು, ಯಾರ ಜೊತೆಗೂ ಮಾತು ಬೇಡ ಅನ್ನಿಸುವ ಒಂಥರಾ ಬೇಸರ. ಎದುರಿಗೆ ಕೂತ ಮಗಳ ಮುಖ ಮಾತ್ರ ಮಡಿಕೆ ಬಿಚ್ಚಿದ ಸೀರೆಯ ಹಾಗೆ ನಿರಾಳವಾಯಿತು.

"ಏನಾಯ್ತು ರೀ?" ಅಂದಳು ಈರಮ್ಮ.

ಅವನು ಮಗಳ ಮುಖವನ್ನೇ ನೋಡಿದ. ಈ ಹುಡುಗಿ ದಿನಾ ಇಷ್ಟು ದಣಿದು ಮನೆಗೆ ಬಂದು, 'ಏನಮ್ಮ ಸಾರು' ಅಂತ ನಗುತ್ತಾ ಕೇಳುತ್ತಿದ್ದಳೇ?

"ಏನಿಲ್ಲ" ಅಂದ. "ಒಂದು ಲೋಟ ನೀರು ಕೊಡು."

ರಾತ್ರಿ ಊಟಕ್ಕೆ ಕೂತಾಗ ಈರಮ್ಮ ತಟ್ಟೆಗೆ ಮುದ್ದೆ ಹಾಕುತ್ತಾ ಹೇಳಿದಳು: "ಮುನಿವೆಂಕಟನ ಕಥೆ ಗೊತ್ತಲ್ಲ ನಿಮಗೆ?"

ಗೊತ್ತಿಲ್ಲದವರು ಯಾರು? ಸಿಂಬೆಯ ಮೊದಲ ಪರೀಕ್ಷೆಗಳಲ್ಲಿ ಕೂತವನು ಪಕ್ಕದೂರಿನ ಮುನಿವೆಂಕಟ. ಸಾಮಾನ್ಯವಾಗಿ ಹೊರೆ ಹೆಚ್ಚಾದರೆ ಹೊರೆಗಾರನಿಗೆ ತಾನಾಗಿ ನಿದ್ದೆ ಬರುತ್ತದೆ. ನಿದ್ದೆ ಬಂದರೆ ಸಂಪರ್ಕ ಕಡಿಯುತ್ತದೆ, ಹೊತ್ತದ್ದೆಲ್ಲ ಕರಗುತ್ತದೆ. ಆ ದಿನ ಯಾರೋ ಮುನಿವೆಂಕಟನಿಗೆ ಎಚ್ಚರದ ಗುಳಿಗೆ ಕೊಟ್ಟಿದ್ದರು. ನಿದ್ದೆ ಬರಲಿಲ್ಲ. ಆಮೇಲೂ ಬರಲಿಲ್ಲ. ಮೂರು ವರ್ಷದಿಂದ ಅವನು ಒಂದು ಗಳಿಗೆಯೂ ಸರಿಯಾಗಿ ಮಲಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು, ಬಂದವರನ್ನೆಲ್ಲ 'ಈಗ ಬೆಳಿಗ್ಗೆನಾ ಸಂಜೆನಾ' ಎಂದು ಕೇಳುತ್ತಾನೆ. ಅವನಿಂದಾಗಿ ಗುಳಿಗೆ ನಿಷೇಧವಾಯಿತು.

"ನಾನೇನು ಗುಳಿಗೆ ನುಂಗ್ತೀನಾ?" ಅಂದ ಓಬಳೇಶಪ್ಪ.

"ನೀವು ಗುಳಿಗೆ ನುಂಗಬೇಕಾಗಿಲ್ಲ. ನಿಮ್ಮ ಹಠವೇ ಒಂದು ಗುಳಿಗೆ."

ಗಂಗೋತ್ರಿ ನಗುತ್ತಾ ಸಾರು ಸುರಿದಳು. ಈರಮ್ಮ ನಗಲಿಲ್ಲ.

*

ರೇಸಿನ ದಿನ ಹೊರೆಗಾರರ ಕೋಣೆಯೊಳಗೆ ಕಾಲಿಟ್ಟ ಓಬಳೇಶಪ್ಪನಿಗೆ ಮೊದಲು ಕಂಡದ್ದು ಕುರ್ಚಿಗಳು. ಮೂವತ್ತೆಂಟು ಕಾರಿಗೆ ಮೂವತ್ತೆಂಟು ಕುರ್ಚಿ, ಒಂದೊಂದೂ ಮದುವೆ ಛತ್ರದ ಸೋಫಾದಷ್ಟು ಮೆತ್ತಗೆ, ಹಿಂದಕ್ಕೆ ವಾಲುವಂಥವು. ಎ.ಸಿ. ತಣ್ಣಗೆ ಬೀಸುತ್ತಿತ್ತು. ಹೊರೆಗಾರರಿಗೆ ಕಷ್ಟವಾಗಬಾರದೆಂದು ತಂಡದವರೇ ಮಾಡಿಸಿದ ಏರ್ಪಾಡು.

"ಇದನ್ನ ಮಾಡಿದೋರು ಯಾರೂ ಲಾರಿ ಹತ್ತಿದೋರಲ್ಲ" ಅಂದುಕೊಂಡ.

ಕೋಣೆಯ ಜವಾಬ್ದಾರಿ ಡಾಕ್ಟರ್ ಮೆಹರುನ್ನೀಸಾ ಅವರದು. ನಲವತ್ತರ ಆಸುಪಾಸಿನ, ಮಾತು ಕಮ್ಮಿಯ ಹೆಂಗಸು. ಇವನು ಅವರ ಬಳಿ ಹೋಗಿ ಒಂದು ಟೊಮ್ಯಾಟೊ ಕ್ರೇಟು ಬೇಕು ಎಂದ.

"ಟೊಮ್ಯಾಟೊ ಯಾಕೆ?"

"ಟೊಮ್ಯಾಟೊ ಬೇಡ ಮೇಡಂ. ಕ್ರೇಟು. ಮಗುಚಿ ಹಾಕ್ಕೊಂಡು ಕೂರೋಕೆ."

ಕ್ರೇಟು ಬಂತು. ಜೊತೆಗೆ ಅವನು ತಂದುಕೊಂಡದ್ದು: ಒದ್ದೆ ಟವೆಲ್ಲು, ಒಂದು ಪೊಟ್ಟಣ ಹುರಿಗಡಲೆ, ನಾಲ್ಕು ಹಸಿಮೆಣಸಿನಕಾಯಿ, ಈರಮ್ಮ ಕಳಿಸಿದ ರಾಗಿ ಅಂಬಲಿ. ಅನ್ನ ಮುಟ್ಟುವುದಿಲ್ಲ. ಬೆನ್ನು ಎಲ್ಲೂ ಒರಗಿಸುವುದಿಲ್ಲ. ಒಂದೊಂದೇ ಕಡಲೆ ಬಾಯಿಗೆ ಹಾಕಿ ಅಗಿಯುತ್ತಿರಬೇಕು. ದವಡೆ ಆಡುತ್ತಿದ್ದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಮೂವತ್ತು ವರ್ಷ ಹೀಗೆಯೇ ಅವನು ದೇಶ ಸುತ್ತಿದ್ದ.

ಪಕ್ಕದ ಕುರ್ಚಿಯಲ್ಲಿದ್ದವನು ಕೃಷ್ಣೋಜಿ, ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯ ಕಾವಲುಗಾರ, ಈಗ ಸಂಬಳದ ಹೊರೆಗಾರ. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ವಾಲಿಸಿಕೊಂಡು ಕೇಳಿದ:

"ಏನಣ್ಣ, ಸಂತೆಗೆ ಬಂದಿದ್ದೀಯಾ?"

"ಹೂಂ. ನೀನು ಕ್ಷೌರಕ್ಕೆ ಬಂದ ಹಾಗಿದೆ."

ಆರು ಗಂಟೆಗೆ ಸರಿಯಾಗಿ ಗೋಡೆಯ ಪರದೆಯಲ್ಲಿ ಕಾರುಗಳು ಹೊರಟವು. ಇಪ್ಪತ್ತೇಳನೇ ನಂಬರಿನ ನೀಲಿ ಕಾರು ಗುಂಪಿನ ನಡುವೆ ಎಲ್ಲೋ ಇತ್ತು. ಓಬಳೇಶಪ್ಪ ಒಂದು ಕಡಲೆ ಬಾಯಿಗೆ ಹಾಕಿಕೊಂಡ.

ಮೊದಲ ಮೂರು ಗಂಟೆ ಅಂಥದ್ದೇನೂ ಇಲ್ಲ. ಹೊಲದ ಬದು ಸವರಿಕೊಂಡು ಬರುವ ನೀರಿನ ಹಾಗೆ ದಣಿವು ಬಂತು, ನಿಧಾನಕ್ಕೆ. ಪರದೆಯ ಕೆಳಗೆ ನಿವೃತ್ತಿಗಳ, ಅಂದರೆ ರೇಸು ಬಿಟ್ಟ ಕಾರುಗಳ, ಪಟ್ಟಿ ಓಡುತ್ತಿತ್ತು. ಒಂಬತ್ತರ ಹೊತ್ತಿಗೆ ಐದು ಕಾರು ನಿಂತಿದ್ದವು: ಮೋಟಾರು, ಮೋಟಾರು, ಡಿಕ್ಕಿ, ಬ್ರೇಕು, ಬ್ಯಾಟರಿ. ಬಿಸಿಲು ಏರಿತು. ಫಲಕಗಳ ಮೇಲಿಂದ ಎದ್ದ ಝಳ ಟ್ರ್ಯಾಕಿನ ಮೇಲೆ ಕುಣಿಯತೊಡಗಿತು. ಆಗ ಪಟ್ಟಿಯಲ್ಲಿ ಬೇರೆ ಕಾರಣ ಬರತೊಡಗಿತು. ಹೊರೆಗಾರ ನಿದ್ದೆ. ಹೊರೆಗಾರ ನಿದ್ದೆ.

ಹೊರೆಗಾರ ನಿದ್ದೆ ಹೋದರೆ ಕಾರು ಒಂದು ಸುತ್ತಿನೊಳಗೆ ನಿಲ್ಲಲೇಬೇಕು. ಅಲ್ಲಿಯತನಕ ದಣಿವೇ ಕಾಣದ ಚಾಲಕನ ಮೇಲೆ ಅದು ಒಮ್ಮೆಗೇ ಬಂದು ಎರಗುತ್ತದೆ. ಹೊರಗೆ ಕಾರು ನಿಂತಂತೆ ಒಳಗೆ ಒಂದೊಂದೇ ಕುರ್ಚಿಯಲ್ಲಿ ಗೊರಕೆ ಕೇಳಿಸಿತು. ನರ್ಸುಗಳು ಬಂದು ಹೊದಿಕೆ ಹೊದಿಸಿ ಹೋಗುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಹೊರಗೆ ಓಡುತ್ತಿದ್ದುದು ಹದಿಮೂರು ಕಾರು.

"ಅಣ್ಣ" ಅಂದ ಕೃಷ್ಣೋಜಿ. ಅವನ ನಾಲಿಗೆ ತೊದಲುತ್ತಿತ್ತು. "ನನ್ನ ಹುಡುಗ ಈಗ ಯಾವ ಜಾಗದಲ್ಲಿದ್ದಾನೆ ನೋಡು."

"ಐದನೇ ಜಾಗ. ಎದ್ದು ಕೂತ್ಕೋ. ಒಂದು ಮೆಣಸಿನಕಾಯಿ ಕಚ್ಚು."

"ಅವನು ಒಳ್ಳೇ ಹುಡುಗ. ಹೋದ ವಾರ ನನಗೊಂದು ಚಪ್ಪಲಿ..."

ಚಪ್ಪಲಿಯ ಮಾತು ಅಲ್ಲೇ ನಿಂತಿತು. ಐದನೇ ಜಾಗದ ಕಾರು ಮುಂದಿನ ಸುತ್ತಿನಲ್ಲಿ ಪಕ್ಕಕ್ಕೆ ಬಂತು. ಮಲಗಿದ ಕೃಷ್ಣೋಜಿಯ ಮುಖ ಮಗುವಿನದರಂತೆ ಕಂಡಿತು. ಓಬಳೇಶಪ್ಪ ಅವನ ಕತ್ತನ್ನು ನೆಟ್ಟಗೆ ಮಾಡಿ, ಟವೆಲ್ಲನ್ನು ಮತ್ತೆ ನೀರಿಗೆ ಅದ್ದಿ ತನ್ನ ಕುತ್ತಿಗೆಗೆ ಸುತ್ತಿಕೊಂಡ.

*

ಐದು ಗಂಟೆಗೆ ಎಂಟು ಕಾರು. ಇಪ್ಪತ್ತೇಳು ಆರನೇ ಜಾಗದಲ್ಲಿತ್ತು.

ಓಬಳೇಶಪ್ಪನಿಗೆ ಈಗ ತನ್ನ ಕೈ ಎಷ್ಟು ದೂರದಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಕಡಲೆ ಬಾಯಿಗೆ ಹಾಕಿದರೆ ಗಲ್ಲಕ್ಕೆ ತಾಗಿ ಬೀಳುತ್ತಿತ್ತು. ಆದರೂ ಕಣ್ಣು ತೆರೆದೇ ಇತ್ತು. ಅದರೊಳಗೆ ಒಂದು ಸಂತೋಷವೂ ಇತ್ತು, ಯಾರಿಗೂ ಹೇಳಲಾಗದಂಥದ್ದು: ಇದೆಲ್ಲ ಅವಳ ಬೆನ್ನ ಮೇಲಿಲ್ಲವಲ್ಲ.

ಎದುರಿನ ಸಣ್ಣ ಪರದೆಯಲ್ಲಿ ಅವನ ಹೊರೆಯ ಗೆರೆ ಬೆಳಿಗ್ಗೆ ಹಸಿರಾಗಿತ್ತು, ಮಧ್ಯಾಹ್ನ ಹಳದಿಗೆ ತಿರುಗಿತ್ತು. ಅಲ್ಲಿಯತನಕ ನಿದ್ದೆ ಹೋದ ಹೊರೆಗಾರರೆಲ್ಲ ಹಳದಿಯಲ್ಲೇ ಮಲಗಿದ್ದರು. ಐದೂವರೆಗೆ ಡಾಕ್ಟರ್ ಬಂದು ಅವನ ಮುಂದೆ ಮಂಡಿಯೂರಿ ಕೂತು ಕಣ್ಣಿಗೆ ಟಾರ್ಚು ಬಿಟ್ಟರು.

"ಓಬಳೇಶಪ್ಪನವರೇ, ಕೆಂಪಿನ ಹತ್ತಿರ ಇದೀರಿ."

"ಇನ್ನರ್ಧ ಗಂಟೆ ತಾಯಿ."

ಆ ಮಾತು ಮುಗಿಯುವ ಮೊದಲೇ ದೊಡ್ಡ ಪರದೆಯಲ್ಲಿ ನೀಲಿ ಕಾರಿನ ಹಿಂಬದಿಯಿಂದ ಹೊಗೆ ಎದ್ದಿತು. ಎಡಗಡೆಯ ಹಿಂದಿನ ಮೋಟಾರು ಸುಟ್ಟಿತ್ತು. ಕಾರು ಕುಂಟುತ್ತಾ, ಟ್ರ್ಯಾಕಿನ ಅಂಚು ಹಿಡಿದು, ನಡೆಯುವ ವೇಗದಲ್ಲಿ ಬಂದು ಮುಕ್ತಾಯದ ಗೆರೆಗೆ ಇಪ್ಪತ್ತು ಮಾರು ಹಿಂದೆ ನಿಂತುಬಿಟ್ಟಿತು. ಗೋಡೆ ಗಡಿಯಾರದಲ್ಲಿ ಐದು ಮೂವತ್ತನಾಲ್ಕು.

"ಯಾಕೆ ನಿಂತಳು? ಗೆರೆ ಅಲ್ಲೇ ಇದೆಯಲ್ಲ" ಅಂದರು ಡಾಕ್ಟರ್. ಅವರಿಗೆ ರೇಸು ಅಷ್ಟಾಗಿ ತಿಳಿಯದು.

"ಈಗ ದಾಟಿದ್ರೆ ಇನ್ನೊಂದು ಸುತ್ತು ಹೋಗಬೇಕು ತಾಯಿ. ಅಷ್ಟು ಬ್ಯಾಟರಿ ಇಲ್ಲ. ಆರು ಗಂಟೆ ಹೊಡೆದ ಮೇಲೆ ತನ್ನ ಶಕ್ತಿಯಿಂದಲೇ ಗೆರೆ ದಾಟಿದ್ರೆ ಸಾಕು, ಮುಗಿಸಿದೋರ ಪಟ್ಟಿಗೆ ಸೇರ್ತಾಳೆ. ಅದಕ್ಕೆ ಕಾಯ್ತಿದಾಳೆ." ಅವನ ತುಟಿಯಲ್ಲಿ ನಗು ಬಂತು. "ಜಾಣೆ."

ನಗು ಅಲ್ಲೇ ಆರಿತು. ಗಾಡಿ ಓಡಿಸುವ ಎಲ್ಲರಿಗೂ ಗೊತ್ತಿರುವ ಒಂದು ಸತ್ಯವನ್ನು ಅವನು ಮರೆತಿದ್ದ: ನಿದ್ದೆ ಓಡುವ ಗಾಡಿ ಹತ್ತುವುದಿಲ್ಲ, ನಿಂತ ಗಾಡಿ ಹತ್ತುತ್ತದೆ. ಹನ್ನೊಂದೂವರೆ ಗಂಟೆ ಬಿಗಿಹಿಡಿದಿದ್ದ ಅವಳ ಮೈ, ಕಾರು ನಿಂತ ಕೂಡಲೇ ಬಿಟ್ಟುಕೊಟ್ಟಿತು. ಬಿಟ್ಟದ್ದೆಲ್ಲ ಇತ್ತ ಬಂತು. ಕಟ್ಟೆ ಒಡೆದ ಹಾಗೆ ಬಂತು. ಕ್ರೇಟಿನ ಮೇಲೆ ಕೂತವನು ಮುಂದಕ್ಕೆ ಬಾಗಿ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡ.

ಸಣ್ಣ ಪರದೆಯಲ್ಲಿ ಹೊರೆಯ ಗೆರೆ ಕೆಂಪಾಯಿತು.

ಡಾಕ್ಟರ್ ಅವನ ಹೆಗಲು ಹಿಡಿದರು. "ಕೇಳಿಸ್ಕೊಳ್ಳಿ. ಇಲ್ಲಿ ಮಲಗಿರೋರೆಲ್ಲ ಸೋತೋರು ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ. ನಿದ್ದೆ ಅನ್ನೋದು ಫ್ಯೂಸು. ಲೋಡು ಜಾಸ್ತಿ ಆದ್ರೆ ಹಾರಿಹೋಗಿ ಮನೆ ಉಳಿಸುತ್ತೆ. ನೀವು ಮೆಣಸಿನಕಾಯಿ, ಕ್ರೇಟು ಅಂತ ಇಟ್ಕೊಂಡು ಆ ಫ್ಯೂಸು ಹಾರದ ಹಾಗೆ ಮಾಡಿದ್ದೀರಿ. ಕೆಂಪಿನಲ್ಲಿ ಇಪ್ಪತ್ತು ನಿಮಿಷ ಎಚ್ಚರ ಇದ್ರೆ ಆಮೇಲೆ ನಿದ್ದೆಯ ಬಾಗಿಲು ತೆರೆಯಲ್ಲ. ಮುನಿವೆಂಕಟ ಕೂತಿದ್ದು ಇಪ್ಪತ್ತೆರಡು ನಿಮಿಷ."

ಓಬಳೇಶಪ್ಪನಿಗೆ ಒಂದು ಹಳೆಯ ವಾಸನೆ ಬಂತು. ಒಂದು ಸಲ ತುಮಕೂರಿನ ಹತ್ತಿರ ಲಾರಿಯ ಫ್ಯೂಸು ಪದೇಪದೇ ಹೋಗುತ್ತಿದೆ ಎಂದು ಬೇಲಿಯ ದಪ್ಪ ತಂತಿ ಕಿತ್ತು ಕಟ್ಟಿದ್ದ. ಫ್ಯೂಸು ಹೋಗಲಿಲ್ಲ. ಮೂವತ್ತು ಮೈಲಿ ಆದ ಮೇಲೆ ವೈರಿಂಗ್ ಪೂರ್ತಿ ಉರಿದುಹೋಯಿತು. ಓನರು ಬಂದು ಕಪ್ಪಾದ ಡ್ಯಾಶ್‌ಬೋರ್ಡು ನೋಡಿ, 'ಫ್ಯೂಸು ಉಳಿಸ್ದೆ ಬಿಡು' ಎಂದಿದ್ದ.

"ಸಿಂಬೆ ತೆಗೆದುಬಿಡ್ತೀನಿ" ಅಂದರು ಡಾಕ್ಟರ್.

"ತೆಗೆದ್ರೆ ಅವಳು ಔಟು."

"ಗೊತ್ತು."

"ತೆಗೀರಿ ಬೇಕಾದ್ರೆ. ತೆಗೆದ್ರೂ ಆರು ಗಂಟೆ ಹೊಡೆಯೋತನಕ ನಾನು ಹೀಗೇ ಎಚ್ಚರ ಕೂತಿರ್ತೀನಿ. ಆಗ ಅವಳೂ ಔಟು, ನಾನೂ ಔಟು. ಏನು ಸಿಕ್ಕಂಗಾಯ್ತು?"

ಡಾಕ್ಟರ್ ಕೈ ಹಿಂದಕ್ಕೆ ತೆಗೆದರು. ಅವನು ಹೇಳಿದ್ದು ನಿಜವಾಗಿತ್ತು. ಸಿಂಬೆ ತೆಗೆದರೆ ಹೊಸ ಹೊರೆ ಬರುವುದು ನಿಲ್ಲುತ್ತದೆ. ಹೊತ್ತದ್ದು ಇಳಿಯಬೇಕಾದರೆ ಅವನೇ ನಿದ್ದೆ ಹೋಗಬೇಕು. ಸೂಜಿ ಚುಚ್ಚಿದರೆ ಮೈ ಮಲಗುತ್ತದೆ, ತಲೆ ಮಲಗುವುದಿಲ್ಲ. ಕೋಣೆಯ ಗಾಜಿನ ಗೋಡೆಯ ಆಚೆ, ಮಧ್ಯಾಹ್ನವೇ ಬಂದಿದ್ದ ಈರಮ್ಮ ಅಂಬಲಿಯ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. ಮಾತು ಕೇಳಿಸದಿದ್ದರೂ ಆ ಕೆಂಪು ಗೆರೆ ಅವಳಿಗೂ ಕಾಣುತ್ತಿತ್ತು. ಡಾಕ್ಟರ್ ಹೋಗಿ ಅವಳನ್ನು ಒಳಗೆ ಕರೆತಂದರು.

ಈರಮ್ಮ ಗಂಡನ ಮುಂದೆ ನಿಂತಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ.

"ಇವರು ನನ್ನ ಮಾತಿಗೂ ಮಲಗಲ್ಲ ಡಾಕ್ಟ್ರೇ, ನಿಮ್ಮ ಮಾತಿಗೂ ಮಲಗಲ್ಲ" ಅಂದಳು. "ಅವಳ ಹತ್ರ ಮಾತಾಡಿಸಿ."

ಕಾರು ಓಡುವಾಗ ಚಾಲಕರೂ ಹೊರೆಗಾರರೂ ಮಾತಾಡುವಂತಿಲ್ಲ, ಶ್ರುತಿ ಕೆಡುತ್ತದೆ. ಆದರೆ ಕಾರು ಈಗ ನಿಂತಿತ್ತು. ಡಾಕ್ಟರ್ ಮೊದಲು ತಾವೇ ಮೈಕಿನಲ್ಲಿ ಗಂಗೋತ್ರಿಯ ಜೊತೆ ಮೆಲ್ಲಗೆ ಎರಡು ನಿಮಿಷ ಮಾತಾಡಿದರು. ಆಮೇಲೆ ಸ್ಪೀಕರ್ ಹಾಕಿದರು. ಐದು ನಲವತ್ತಾರು.

ಪರದೆಯಲ್ಲಿ ಹೆಲ್ಮೆಟ್ಟು ಅಲುಗಾಡದೆ ಕೂತಿತ್ತು. ಅವಳ ಮುಂದೆ ಇಪ್ಪತ್ತು ಮಾರು ದೂರದಲ್ಲಿ ಬಿಳಿ ಗೆರೆ.

"ಅಪ್ಪ."

"ಹೇಳು ಗಂಗಿ. ಎಚ್ಚರಾನೇ ಇದ್ದೀನಿ. ನೀನೇನು ಯೋಚನೆ ಮಾಡಬೇಡ."

"ಅಪ್ಪ, ಚೆಕ್‌ಪೋಸ್ಟು ಬಂತು."

ಓಬಳೇಶಪ್ಪನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಗಾಬರಿಯಾಯಿತು.

"ಏ, ಬೇಡ. ಹದಿನಾಲ್ಕು ನಿಮಿಷ ಇದೆ ಅಷ್ಟೇ. ಮೂರನೇದು ಇದು. ಮೋಸ ಮಾಡಬೇಡ ಕಣೇ."

"ಉದ್ದ ಸಾಲಿದೆ ಅಪ್ಪ. ಮುಂದೆ ಹದಿನೆಂಟು ಗಾಡಿ." ಅವಳ ದನಿ ಸಣ್ಣದಾಗಿ, ಒಂದೇ ಸಮನಾಗಿತ್ತು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಮೊದಲನೇದು ಈರುಳ್ಳಿ ಲೋಡು, ಮಹಾರಾಷ್ಟ್ರದ ನಂಬರು. ಎರಡನೇದು ಸಿಮೆಂಟು. ಮೂರನೇದಕ್ಕೆ ಹಿಂದಿನ ಲೈಟು ಒಂದೇ ಇದೆ."

"ಗಂಗಿ, ನಾನು ಮಾತು ಕೊಟ್ಟಿದ್ದೀನಿ."

"ನಾನು ಓಡಿಸೋವಾಗ ಅಂದಿದ್ದೆ. ಈಗ ನಿಂತಿದ್ದೀನಲ್ಲ. ನಾಲ್ಕನೇದು ಹುಲ್ಲು ಅಪ್ಪ. ತುಂಬಾ ಎತ್ತರ ಹೇರಿದಾರೆ."

"ನಿಂತಿದ್ರೇನು? ಆರು ಗಂಟೆಗೆ ಮತ್ತೆ ಹೊರಡಬೇಕಲ್ಲ."

"ಹೊರಡೋವಾಗ ಎಬ್ಬಿಸ್ತೀನಿ. ಯಾವತ್ತಾದ್ರೂ ಎಬ್ಬಿಸೋದು ಮರೆತಿದ್ದೀನಾ?"

ಮರೆತಿರಲಿಲ್ಲ. ಒಂದು ಸಲವೂ ಮರೆತಿರಲಿಲ್ಲ. ಈರಮ್ಮ ಅವನ ಹಿಂದೆ ನೆಲದ ಮೇಲೆ ಕೂತು, ಅವನ ಬೆನ್ನನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಕೈಯಲ್ಲಿದ್ದ ಕಡಲೆ ಪೊಟ್ಟಣವನ್ನು ಮೆಲ್ಲಗೆ ಬಿಡಿಸಿ ಆಚೆ ಇಟ್ಟಳು. ಬೆಳಿಗ್ಗೆಯಿಂದ ಎಲ್ಲೂ ತಾಗದ ಬೆನ್ನು ಅದು.

"ಐದನೇದು ಹಾಲಿನ ಟ್ಯಾಂಕರು. ಆರನೇದು ಬಾಳೆಕಾಯಿ."

"ಟಾರ್ಪಾಲು ಕಟ್ಟಿದಾರಾ?" ಅಂದ. ಕೇಳಬಾರದಿತ್ತು ಎಂದು ಆಮೇಲೆ ಹೊಳೆಯಿತು.

"ಕಟ್ಟಿದಾರೆ. ಒಂದು ಮೂಲೆ ಬಿಚ್ಚಿದೆ, ಗಾಳಿಗೆ ಪಟಪಟ ಅಂತಿದೆ. ಏಳನೇದು ನಮ್ಮ ಕಡೆಯೋರದು ಅಪ್ಪ. ಬಾಗಿಲ ಮೇಲೆ ನವಿಲು ಬರೆಸಿದಾರೆ. ಎಂಟನೇದು..."

ಎಂಟನೆಯದು ಏನೆಂದು ಅವನಿಗೆ ಕೇಳಿಸಿತು. ಒಂಬತ್ತನೆಯದೂ ಕೇಳಿಸಿತು. ಮೇಣದ ವಾಸನೆಯ ರೆಕ್ಸಿನ್ ಸೀಟು, ಎದುರು ಗಾಜಿಗೆ ಅಂಟಿದ ಹುಳುಗಳು, ಕ್ಲೀನರ್ ಸೀಟಿನಲ್ಲಿ ಎರಡು ಜಡೆ. ಹನ್ನೊಂದನೆಯದರಲ್ಲಿ ಮರದ ದಿಮ್ಮಿಗಳಿದ್ದವು. ಹನ್ನೆರಡನೆಯದು ಇನ್ನೂ ದೂರದಲ್ಲಿತ್ತು.

*

ಎಚ್ಚರವಾದಾಗ ಮಾರನೇ ದಿನ ಮಧ್ಯಾಹ್ನ. ಅವನು ಮನೆಯಲ್ಲಿದ್ದ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವ ಸದ್ದು. ಪಕ್ಕದಲ್ಲಿ ಚಾಪೆಯ ಮೇಲೆ ಗಂಗೋತ್ರಿ ಮಗ್ಗುಲಾಗಿ ಮಲಗಿದ್ದಳು, ರೇಸಿನ ಅಂಗಿಯಲ್ಲೇ. ಬೇರೆಯವರ ಕೈಗೆ ಕೊಡದೆ, ತನ್ನ ದಣಿವನ್ನು ತಾನೇ ಹೊತ್ತು ಮಲಗಿದ ನಿದ್ದೆ ಅದು. ಬಾಯಿ ತುಸು ತೆರೆದಿತ್ತು.

ಈರಮ್ಮ ಫಲಿತಾಂಶದ ಹಾಳೆ ತಂದು ಅವನ ಕೈಗಿತ್ತಳು. ಓದಲು ಕನ್ನಡಕ ಬೇಕಾಯಿತು.

ಹೊರಟ ಕಾರುಗಳು ಮೂವತ್ತೆಂಟು. ಮುಗಿಸಿದವು ಆರು. ನಿವೃತ್ತಿ ಮೂವತ್ತೆರಡು, ಯಂತ್ರ ಕೆಟ್ಟು ಹನ್ನೊಂದು, ಅಪಘಾತದಿಂದ ಮೂರು, ಹೊರೆಗಾರ ನಿದ್ದೆಯಿಂದ ಹದಿನೆಂಟು. ಪಟ್ಟಿಯ ಕೊನೆಯ ಸಾಲು ಇಪ್ಪತ್ತೇಳನೇ ಕಾರಿನದು. ಗೆರೆಗೆ ಇಪ್ಪತ್ತು ಮಾರು ಹಿಂದೆ ನಿವೃತ್ತಿ. ಕಾರಣದ ಮುಂದೆ ಅದೇ ಎರಡು ಪದ.

"ಆರು ಗಂಟೆ ಆದ ಮೇಲೆ ಅವಳು ಗಾಡಿ ಗೆರೆ ದಾಟಿಸಿದಳು" ಅಂದಳು ಈರಮ್ಮ. "ಲೆಕ್ಕಕ್ಕಿಲ್ಲ ಅಂತ ಗೊತ್ತಿದ್ರೂ ದಾಟಿಸಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ಓಡಿ ಬಂದು ನಿಮ್ಮ ಮೂಗಿಗೆ ಕೈಯಿಟ್ಟು ನೋಡಿದಳು, ಉಸಿರಾಡ್ತಿದೀರೋ ಇಲ್ಲವೋ ಅಂತ."

ಮಾತಿಗೆ ಗಂಗೋತ್ರಿಗೆ ಎಚ್ಚರವಾಯಿತು. ಏಳಲಿಲ್ಲ. ಚಾಪೆಯ ಮೇಲಿಂದಲೇ ಅಪ್ಪನ ಕಡೆ ನೋಡಿದಳು.

"ಎಬ್ಬಿಸ್ತೀನಿ ಅಂದಿದ್ದೆ" ಅಂದ ಓಬಳೇಶಪ್ಪ.

"ಅಂದಿದ್ದೆ."

"ಎಬ್ಬಿಸಲಿಲ್ಲ."

"ಇಲ್ಲ." ಅವಳು ಕಣ್ಣು ಉಜ್ಜಿಕೊಂಡಳು. "ಮುಂದಿನ ತಿಂಗಳಿಂದ ನಾನೂ ಫಲಕ ಒರೆಸೋಕೆ ಬರ್ತೀನಿ. ಒಂದು ಬಕೆಟ್ಟು ಜಾಸ್ತಿ ತರಿಸು."

ಅವನು ಹಾಳೆಯನ್ನು ನಾಲ್ಕಾಗಿ ಮಡಚಿ ದಿಂಬಿನ ಕೆಳಗಿಟ್ಟ. ಬೆರಳಲ್ಲಿ ಇನ್ನೂ ಮೆಣಸಿನಕಾಯಿಯ ಉರಿ ಇತ್ತು.

"ಹನ್ನೆರಡನೇ ಗಾಡಿಯಲ್ಲಿ ಏನು ಲೋಡಿತ್ತು?" ಅಂತ ಕೇಳಿದ.

"ಹತ್ತಿ" ಅಂದಳು.

ಮಗಳು ಗಾಡಿ ಓಡಿಸುವಾಗ ತಾನು ನಿದ್ದೆ ಮಾಡುವುದಿಲ್ಲ ಎಂದು ಓಬಳೇಶಪ್ಪ ಹಿರಿಯೂರಿನಾಚೆಯ ಚಹಾದಂಗಡಿ ಮುಂದೆ ಕೊಟ್ಟಿದ್ದ ಮಾತು, ರೇಸಿನ ದಿನ ಸಂಜೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಮುರಿಯಿತು.